‘ತಿನ್ನಲಿ ಬಿಡಮ್ಮ, ಕುಡೀತಾ ಇಲ್ವಲ್ಲ’

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಲೇ ನನಗೆ ಐವತ್ತೆರಡು ತುಂಬಿತು. ಕುಡಿತ ಬಿಟ್ಟು ಆರು ವರ್ಷ. ಬಿಟ್ಟ ಹೊಸದರಲ್ಲಿ ಮನೆಯವರೆಲ್ಲ ಮಲಗಿದ ಮೇಲೆ, ದೀಪ ಹಾಕದೆ, ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಿದ್ದೆ. ಮಿಕ್ಕ ಮುದ್ದೆ, ತಣ್ಣಗಾದ ಸಾರು, ಒಂದಿಡೀ ಪ್ಯಾಕೆಟ್ ಬನ್ನು, ಚಿಂತಾಮಣಿಯಿಂದ ಅಕ್ಕ ಕಳಿಸಿದ ಕಡಲೆಮಿಠಾಯಿ. ಹಸಿವೇ ಇರುತ್ತಿರಲಿಲ್ಲ. ಹೊಟ್ಟೆ ಬಿಗಿದು ಉಸಿರು ಕಟ್ಟಿದರೂ ಕೈ ನಿಲ್ಲದು. ಬೆಳಿಗ್ಗೆ ಖಾಲಿ ಕವರುಗಳನ್ನು ಗೂಡು ಬೇಯಿಸುವ ಒಲೆಗೆ ಹಾಕುತ್ತಿದ್ದೆ. ಹಿಂದೆ ತೊಂಬತ್ತರ ವಿಸ್ಕಿ ಪ್ಯಾಕೆಟ್ಟುಗಳನ್ನು ಹಾಕುತ್ತಿದ್ದದ್ದೂ ಅದೇ ಒಲೆಗೆ.

ಒಂದು ರಾತ್ರಿ ನನ್ನ ಹೆಂಡತಿ ತಡೆಯಲು ಬಂದಳು. ಅಮ್ಮ ಮಲಗಿದ್ದಲ್ಲಿಂದಲೇ, ‘ತಿನ್ನಲಿ ಬಿಡಮ್ಮ, ಕುಡೀತಾ ಇಲ್ವಲ್ಲ’ ಅಂದಳು. ನನ್ನ ಅಪ್ಪನನ್ನು ಸಾರಾಯಿಗೆ ಕಳೆದುಕೊಂಡವಳ ಮಾತು ಅದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಅಷ್ಟು ಹೊತ್ತಿಗೆ ನಾನು ಬಾರಿನ ದಾರಿ ಹಿಡಿದಾಗಿತ್ತು. ಅವಳ ಕರುಳು ನನಗೆ ಅರ್ಥವಾಗುತ್ತದೆ. ಆದರೂ ಆ ಮಾತು ತಪ್ಪು. ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ, ಕುಡಿತ ಬಿಟ್ಟವರಿರುವ ಮನೆಮನೆಯಲ್ಲೂ ಕೇಳಿಬರುವ ಮಾತು ಅದಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಹಾಗೆ ತಿಂದ ಮರುದಿನದ ನಾಚಿಕೆ ಕುಡಿದ ಮರುದಿನದ ನಾಚಿಕೆಯೇ. ಅದನ್ನು ತಡೆಯಲಾರದೆ ಒಂದು ಸಂಜೆ, ಗೂಡಿನ ಮಾರುಕಟ್ಟೆಗೆಂದು ಇಟ್ಟ ದುಡ್ಡು ಜೇಬಲ್ಲಿಟ್ಟುಕೊಂಡು ಬಾರಿನ ಮುಂದೆ ನಿಂತಿದ್ದೆ. ಒಳಗೆ ಹೋಗಲಿಲ್ಲ. ಅಂದು ನನ್ನನ್ನು ಅಲ್ಲಿಗೆ ಎಳೆದದ್ದು ಕುಡಿಯುವ ಆಸೆಗಿಂತ ಹೆಚ್ಚಾಗಿ ಹಿಂದಿನ ರಾತ್ರಿಯ ಊಟ.

ವೈದ್ಯರು ಇದನ್ನು ಬಿಂಜ್ ಈಟಿಂಗ್ ಅನ್ನುತ್ತಾರೆ. ಅಮೆರಿಕದ ಆಲ್ಬರ್ಟ್ ಸ್ಟಂಕಾರ್ಡ್ 1959ರಲ್ಲೇ ಗುರುತಿಸಿ ಬರೆದಿದ್ದರು. ಅಲ್ಲಿನ ಮನೋವೈದ್ಯರ ಕೈಪಿಡಿ ಇದನ್ನು ಸ್ವತಂತ್ರ ಕಾಯಿಲೆಯೆಂದು ಒಪ್ಪಿದ್ದು 2013ರಲ್ಲಿ. ವಾರಕ್ಕೊಮ್ಮೆಯಾದರೂ, ಮೂರು ತಿಂಗಳ ಕಾಲ, ಹಿಡಿತ ತಪ್ಪಿ ತಿನ್ನುವುದು ಅದರ ಗುರುತು. ಹೊಟ್ಟೆಬಾಕತನವೆಂದು ಬೈದರೆ ವಾಸಿಯಾಗುವಂಥದ್ದಲ್ಲ. ಮದ್ಯವೂ ಸಿಹಿಯೂ ಕರಿದ ತಿಂಡಿಯೂ ಮಿದುಳಿನಲ್ಲಿ ಸುಖ ಕೊಡುವ ಒಂದೇ ಜಾಲವನ್ನು ಮೀಟುತ್ತವೆ. ಅದಕ್ಕೇ ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳಬಹುದು. ಆಸ್ಟ್ರೇಲಿಯಾದ ಸುಮಾರು 6,000 ಅವಳಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುಡಿತದ ಚಟಕ್ಕೂ ಹೀಗೆ ತಿನ್ನುವುದಕ್ಕೂ ವಂಶದಲ್ಲಿ ಕೂಡುಬೇರು ಕಂಡಿತು.

ಅದನ್ನು ಓದಿದಾಗ ಅಕ್ಕ ನೆನಪಾದಳು. ಅವಳು ಒಂದು ಹನಿ ಮುಟ್ಟಿದವಳಲ್ಲ. ಅಪ್ಪ ಗಲಾಟೆ ಮಾಡಿದ ರಾತ್ರಿಗಳಲ್ಲಿ ಬೆಲ್ಲದ ಡಬ್ಬಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ನನ್ನನ್ನು ಕುಡುಕನೆಂದು ಗುರುತಿಸಿ ಚಿಕಿತ್ಸೆಗೆ ಕರೆದೊಯ್ದವರಿದ್ದರು. ಅವಳನ್ನು ಕೇಳಿದವರೇ ಇಲ್ಲ.

ಮದ್ಯವರ್ಜನ ಶಿಬಿರ ನಡೆಸುವವರ ಬಗ್ಗೆ ನನಗೆ ಗೌರವವಿದೆ. ಬಿಟ್ಟ ಮೊದಲ ದಿನಗಳಲ್ಲಿ ಸಿಹಿ ಹತ್ತಿರವಿರಲಿ ಎಂಬುದೂ ಹಳೆಯ ಸಲಹೆಯೇ. 1939ರ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಪುಸ್ತಕದಲ್ಲೂ ಇದೆ. ಆದರೆ ಎಷ್ಟು ದಿನ? ಯಾರ ಕಣ್ಣಳತೆಯಲ್ಲಿ? ನಾನು ಹೋದ ಕಡೆ ‘ಆಡಿಟ್’ ಎಂಬ, ವಿಶ್ವ ಆರೋಗ್ಯ ಸಂಸ್ಥೆಯ 10 ಪ್ರಶ್ನೆಗಳನ್ನು ಕೇಳಿದರು. ಎಷ್ಟು ಕುಡಿಯುತ್ತೀಯ, ಮರುದಿನ ಪಶ್ಚಾತ್ತಾಪವಾಗುತ್ತದಾ ಎಂದೆಲ್ಲ ಇತ್ತು. ಊಟದ ಮಾತು ಒಂದರಲ್ಲೂ ಇಲ್ಲ. ರಾತ್ರಿ ಕದ್ದು ತಿನ್ನುತ್ತೀಯಾ ಎಂದು ಅಂದೇ ಕೇಳಿದ್ದರೆ, ಹದಿನೆಂಟು ಕೆಜಿ ಏರಿ ಸಕ್ಕರೆ ಕಾಯಿಲೆ ಬರುವ ತನಕ ಕಾಯಬೇಕಿರಲಿಲ್ಲ. ಶಿಬಿರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಒಂದು ಪ್ರಶ್ನೆ ಸೇರಲಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನನಗೆ ನೆರವಾದದ್ದು ಆಪ್ತಸಮಾಲೋಚನೆ, ಮತ್ತೆ ಮೂರು ಹೊತ್ತಿನ ಊಟ. ಹಗಲೆಲ್ಲ ಟೀಯಲ್ಲೇ ಕಳೆದು ರಾತ್ರಿಗೆ ಹೊಟ್ಟೆ ಬಿಟ್ಟುಕೊಳ್ಳುವುದು ನಮ್ಮ ಕಸುಬಿನವರ ರೂಢಿ. ಹಗಲು ಉಪವಾಸವಿದ್ದಷ್ಟೂ ರಾತ್ರಿ ಕೈ ಮೀರುತ್ತದೆ.

ಹೋದ ವಾರ ನಮ್ಮಲ್ಲಿ ಕೆಲಸ ಮಾಡುವ ಹುಡುಗನ ತಾಯಿ ಬಂದು, ಮಗ ಕುಡಿಯೋದು ಬಿಟ್ಟ, ಈಗ ಅರ್ಧ ಕೆಜಿ ಜಿಲೇಬಿ ಒಬ್ಬನೇ ತಿಂತಾನೆ ಸ್ವಾಮಿ ಎಂದು ನಗುನಗುತ್ತಾ ಹೇಳಿದರು. ಅವರು ಹೋದ ಮೇಲೆ ಹುಡುಗನ ಪಕ್ಕ ಕೂತು, ‘ರಾತ್ರಿ ಹೊತ್ತೇನಪ್ಪಾ?’ ಎಂದೆ. ಬಿಸಿನೀರಿನಿಂದ ಕೈ ತೆಗೆದ. ‘ನಿಮಗೆ ಹೆಂಗೆ ಗೊತ್ತಾಯ್ತಣ್ಣ?’