ಗುಳ್ಳೆಯ ಸೊಗಸೂ ಮೀನಿನ ಉಸಿರೂ

ಮನೆಯ ಮೀನುತೊಟ್ಟಿಗಳಲ್ಲಿ ಇಡುವ ಗೊಂಬೆಗಳನ್ನು ಓದುಗರು ಕಂಡೇ ಇರುತ್ತಾರೆ. ಕಡಲುಗಳ್ಳರ ನಿಧಿಪೆಟ್ಟಿಗೆಯೊಂದು ಆಗಾಗ ಬಾಯಿ ತೆರೆದು ಗುಳ್ಳೆಗಳ ಗೊಂಚಲನ್ನು ಹೊರಬಿಡುತ್ತದೆ. ಮುಳುಗುಗಾರನ ಗೊಂಬೆ ಏಳುತ್ತದೆ, ಇಳಿಯುತ್ತದೆ. ಕಪ್ಪೆಚಿಪ್ಪು ತೆರೆದು ಮುಚ್ಚಿಕೊಳ್ಳುತ್ತದೆ. ಹೊರಗಿನ ಪುಟ್ಟ ವಿದ್ಯುತ್ ಪಂಪು ಸಣ್ಣ ಕೊಳವೆಯ ಮೂಲಕ ಕಳಿಸುವ ಗಾಳಿಯೇ ಇವೆಲ್ಲವನ್ನೂ ಆಡಿಸುವ ಶಕ್ತಿ. ಪೆಟ್ಟಿಗೆಯ ಮುಚ್ಚಳದ ಅಡಿಯಲ್ಲಿ 20 ಘನ ಸೆಂಟಿಮೀಟರು ಗಾಳಿ ಕೂಡಿಕೊಂಡಿತೆನ್ನಿ. ಅಷ್ಟೇ ಗಾತ್ರದ ನೀರು ಪಕ್ಕಕ್ಕೆ ಸರಿದು, ಸುಮಾರು 20 ಗ್ರಾಂ ಭಾರವನ್ನು ಎತ್ತಬಲ್ಲ ಬಲ ಒದಗುತ್ತದೆ. ಮುಚ್ಚಳ ಎದ್ದೊಡನೆ ಗಾಳಿ ನುಸುಳಿಹೋಗುತ್ತದೆ, ಮುಚ್ಚಳ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ಇಷ್ಟು ಉಲ್ಲಾಸದಿಂದ ಬೋಧಿಸುವ ಉಪಾಧ್ಯಾಯರು ವಿರಳ. ಆದುದರಿಂದ ಈ ಆಟಿಕೆಗಳನ್ನು ಹೀಗಳೆಯುವವರ ಪಕ್ಷಕ್ಕೆ ಸೇರಿದವನು ನಾನಲ್ಲ. ನನ್ನ ತಕರಾರು ಇರುವುದು ಅವುಗಳ ಬಗ್ಗೆ ಬೆಳೆದಿರುವ ಒಂದು ನಂಬಿಕೆಯೊಡನೆ.

ಕೆಲವು ವರ್ಷಗಳ ಹಿಂದೆ, ಕಡುಬೇಸಗೆಯಲ್ಲಿ, ಅಕ್ಕನ ಮನೆಗೆ ಹೋಗಿದ್ದೆ. ಕಾಲೇಜು ಓದುತ್ತಿದ್ದ ಸೋದರಳಿಯ ಎರಡಡಿ ಉದ್ದದ ತೊಟ್ಟಿಯಲ್ಲಿ ಹನ್ನೆರಡು ಗೋಲ್ಡ್ ಫಿಷ್‌ಗಳನ್ನು ಬಿಟ್ಟಿದ್ದ. ನಿಧಿಪೆಟ್ಟಿಗೆ ಲಯಬದ್ಧವಾಗಿ ಬಾಯಿ ತೆರೆಯುತ್ತಿತ್ತು. ಮೀನುಗಳೂ ಬಾಯಿ ತೆರೆಯುತ್ತಿದ್ದವು, ಆದರೆ ಎಲ್ಲವೂ ನೀರಿನ ಮೇಲ್ಮೈಗೆ ಬಂದು! ನಾನು ಆತಂಕ ತೋರಿದಾಗ, “ಗುಳ್ಳೆ ಚೆನ್ನಾಗಿ ಬರುತ್ತಿದೆಯಲ್ಲ ಮಾವ, ಗಾಳಿಗೇನು ಕೊರತೆ?” ಎಂದ. ಗುಳ್ಳೆಯೊಂದಿದ್ದರೆ ಎಷ್ಟು ಮೀನನ್ನಾದರೂ ಸಾಕಬಹುದೆಂದು ಅಂಗಡಿಯವನು ಹೇಳಿದ್ದನಂತೆ. ಎರಡು ದಿನಗಳಲ್ಲಿ ಒಂಬತ್ತು ಮೀನುಗಳು ಸತ್ತವು.

ಗುಳ್ಳೆಯಲ್ಲಿ ಗಾಳಿಯಿದೆ, ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕವಿದೆ, ಎಂಬುದೇನೋ ನಿಜ. ಆದರೆ ಒಂದಡಿ ಆಳದ ನೀರನ್ನು ದೊಡ್ಡ ಗುಳ್ಳೆಯೊಂದು ಒಂದೆರಡು ಸೆಕೆಂಡುಗಳಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ನೀರಿಗೆ ದಾಟಿಕೊಳ್ಳುವ ಆಮ್ಲಜನಕ ಅತ್ಯಲ್ಪ. ಇಂಥ ತೊಟ್ಟಿಯ ನೀರಿಗೆ ಅದು ಬಹುಪಾಲು ಬರುವುದು ಮೇಲ್ಮೈಯಿಂದ. ಬಂದುದು ಕೆಳಗಿಳಿಯಬೇಕಲ್ಲ? ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಹತ್ತುಸಾವಿರದಲ್ಲೊಂದು ಪಾಲು ಮಾತ್ರ. ಉಸಿರುಗಟ್ಟಿದ ಮೀನು ಮೇಲಕ್ಕೆ ಬರುವುದು ಅಲ್ಲಿಯ ತೆಳುಪದರದಲ್ಲಿ ಅದು ಹೆಚ್ಚಾಗಿ ಇರುವುದರಿಂದ. ಗುಳ್ಳೆಗಳ ಸಾಲು ಮಾಡುವ ನಿಜವಾದ ಉಪಕಾರವೆಂದರೆ ತಳದ ನೀರನ್ನು ಮೇಲಕ್ಕೆ ಸೆಳೆದು ತಂದು ಮೇಲ್ಮೈಯನ್ನು ಕಲಕುವುದು. ನಿಮಿಷಕ್ಕೊಮ್ಮೆ ಒಂದು ಮೂಲೆಯಲ್ಲಿ ಭುಗಿಲೆನ್ನುವ ಪೆಟ್ಟಿಗೆ ಈ ಕೆಲಸವನ್ನು ಅರೆಬರೆಯಾಗಿ ಮಾಡುತ್ತದೆ. ಒಂದು ಸೆಂಟಿಮೀಟರು ವ್ಯಾಸದ ಗುಳ್ಳೆಯನ್ನು ಒಂದು ಮಿಲಿಮೀಟರಿನ ಸಾವಿರ ಗುಳ್ಳೆಗಳಾಗಿ ಒಡೆದರೆ, ಅದೇ ಗಾಳಿಗೆ ಹತ್ತು ಪಾಲು ಮೇಲ್ಮೈ ದೊರೆಯುತ್ತದೆ. ಪೆಟ್ಟಿಗೆಯ ಗುಳ್ಳೆಗಳಾದರೋ ದಪ್ಪನೆಯವು. ಬೇಸಗೆಯ ಕಷ್ಟ ಬೇರೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಲೀಟರು ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು, 30 ಡಿಗ್ರಿಯಲ್ಲಿ ಕೇವಲ ಏಳೂವರೆ. ಮೀನಿಗಾದರೋ ಸೆಕೆ ಏರಿದಂತೆ ಹೆಚ್ಚು ಬೇಕು.

ಇಷ್ಟೇ ಅಲ್ಲ. ಮೀನುಗಳು ಹೊರಹಾಕುವ ಅಮೋನಿಯವನ್ನು ಗುಳ್ಳೆಗಳು ತೊಳೆಯಲಾರವು. ಅದನ್ನು ಮೊದಲು ನೈಟ್ರೈಟಾಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುವವು ಬ್ಯಾಕ್ಟೀರಿಯಗಳು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ವಾರಗಳೇ ಬೇಕು. ಈ ನಡುವೆ ನೈಟ್ರೈಟು ಹೆಚ್ಚಿದರೆ ಮೀನಿನ ರಕ್ತವು ಆಮ್ಲಜನಕವನ್ನು ಹೊರುವ ಸಾಮರ್ಥ್ಯವನ್ನೇ ಕಳೆದುಕೊಳ್ಳುತ್ತದೆ. ಆಮ್ಲಜನಕ ತುಂಬಿದ ನೀರಿನಲ್ಲೂ ಅದು ಏದುಸಿರು ಬಿಡುತ್ತದೆ.

ವಿದ್ಯಾರ್ಥಿಗಳು ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಮೀನಿಲ್ಲದ ದೊಡ್ಡ ಗಾಜಿನ ಪಾತ್ರೆಯಲ್ಲಿ ಆಟಿಕೆಯನ್ನಿಟ್ಟು, ತಳಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳನ್ನು ಹಾಕಿರಿ. ಪಂಪು ನಿಂತಿರುವಾಗ ನೇರಿಳೆ ಬಣ್ಣ ತಳದಲ್ಲಿ ಎಷ್ಟು ಹೊತ್ತು ಮಲಗಿರುತ್ತದೆ, ಗುಳ್ಳೆ ಎದ್ದಾಗ ಯಾವ ದಾರಿಯಲ್ಲಿ ಮೇಲೇರುತ್ತದೆ, ಯಾವ ಮೂಲೆಗೆ ತಲುಪುವುದೇ ಇಲ್ಲ ಎಂಬುದನ್ನು ಗಡಿಯಾರ ಹಿಡಿದು ನೋಡಿರಿ.

ನನ್ನ ಅಭಿಪ್ರಾಯದಲ್ಲಿ ಪಂಪಿನ ಗಾಳಿ ಮೊದಲು ಸಲ್ಲಬೇಕಾದುದು ಸ್ಪಂಜಿನ ಶೋಧಕಕ್ಕೆ. ಅಲ್ಲಿ ಏರುವ ಗುಳ್ಳೆಗಳೇ ನೀರನ್ನು ಸ್ಪಂಜಿನ ಮೂಲಕ ಎಳೆಯುತ್ತವೆ. ಸ್ಪಂಜಿನ ರಂಧ್ರಗಳಲ್ಲಿ ಬ್ಯಾಕ್ಟೀರಿಯಗಳು ಮನೆಮಾಡುತ್ತವೆ. ಉಳಿದ ಗಾಳಿ ಕವಲು ಕೊಳವೆಯ ಮೂಲಕ ಗೊಂಬೆಗೆ ಹೋಗಲಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇರಿಸಬೇಕು, ಇಲ್ಲವೇ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟವನ್ನು ಕೊಳವೆಗೆ ಜೋಡಿಸಬೇಕು. ವಿದ್ಯುತ್ತು ಹೋದಾಗ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುವುದುಂಟು.

ಸೋದರಳಿಯನ ಉಳಿದ ಮೂರು ಮೀನುಗಳು ಮೊದಲಿನದಕ್ಕಿಂತ ದೊಡ್ಡ ತೊಟ್ಟಿಗೆ ಹೋದವು. ಅಲ್ಲಿ ಮೂಲೆಯಲ್ಲೊಂದು ಕಪ್ಪು ಸ್ಪಂಜು ಕುಳಿತಿದೆ, ನೋಡಲು ಏನೇನೂ ಚೆಲುವಿಲ್ಲ. ಅದರ ಪಕ್ಕದಲ್ಲಿ ನಿಧಿಪೆಟ್ಟಿಗೆ ಎಂದಿನಂತೆ ಬಾಯಿ ತೆರೆಯುತ್ತಿದೆ.