ಅಕ್ಕತಂಗಿಯರ ಕಾಳಗ

1956ರವರೆಗೆ ರಾಯಚೂರು ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದಿತು. ಕೃಷ್ಣಾತೀರದ ಗೂಗಲ್ಲಿನವರಿಗೆ ಇಂದಿಗೂ ಬೆಂಗಳೂರಿಗಿಂತ ಆ ನಗರವೇ ಹತ್ತಿರ. ಅಲ್ಲಿ 2005ರಲ್ಲಿ ಸಾನಿಯಾ ಮಿರ್ಜಾ, ಅಲ್ಯೋನಾ ಬೊಂಡರೆಂಕೊ ಅವರನ್ನು ಸೋಲಿಸಿ, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆಯೆನಿಸಿದರು. ಮರುವರ್ಷವೇ ಆ ಪಂದ್ಯಾವಳಿ ಬೆಂಗಳೂರಿಗೆ ಬಂದಿತು.

2008ರ ಮಾರ್ಚಿಯಲ್ಲಿ ಕಬ್ಬನ್ ಪಾರ್ಕಿನ ಅಂಗಳಕ್ಕೆ ವಿಲಿಯಮ್ಸ್ ಸೋದರಿಯರಿಬ್ಬರೂ ಇಳಿದರು. ಸಾನಿಯಾ ಬರಲಿಲ್ಲ! ಮೇಲಿಂದ ಮೇಲೆ ಎದ್ದ ವಿವಾದಗಳಿಂದ ಬೇಸತ್ತು, ಭಾರತದಲ್ಲಿ ಆಡಲಾರೆನೆಂದು ಆಕೆ ಫೆಬ್ರವರಿಯಲ್ಲಿಯೇ ತಿಳಿಸಿದ್ದರು. ಆಕೆಯ ಉಡುಪನ್ನೂ ನಡೆನುಡಿಗಳನ್ನೂ ಅಳೆಯುತ್ತ ಕುಳಿತ ನಾವು ಮನೆಮಗಳ ಆಟವನ್ನೇ ಕಳೆದುಕೊಂಡೆವು. ಪರದೇಶದ ಅಕ್ಕತಂಗಿಯರಿಗೆ ಮಾತ್ರ ಮನಸಾರೆ ಚಪ್ಪಾಳೆ ತಟ್ಟಿದೆವೆನ್ನಿ.

ಸೆಮಿಫೈನಲಿನಲ್ಲಿ ಅಕ್ಕ ವೀನಸ್, ತಂಗಿ ಸೆರೆನಾ ಎದುರುಬದುರಾದರು. ಮೊದಲ ಸೆಟ್ಟು 6-3ರಿಂದ ತಂಗಿಗೆ, ಎರಡನೆಯದು ಅಷ್ಟರಿಂದಲೇ ಅಕ್ಕನಿಗೆ. ಮೂರನೆಯದು ಆರಾರು ಗೇಮುಗಳಲ್ಲಿ ತಡೆದು ನಿಂತಿತು. ಒಂದೇ ಅಂಗಳದಲ್ಲಿ, ಒಬ್ಬನೇ ತಂದೆಯ ಕಣ್ಣೆದುರಿಗೆ ರ‍್ಯಾಕೆಟ್ ಹಿಡಿಯಲು ಕಲಿತವರು; ಒಬ್ಬರ ಹೊಡೆತ ಇನ್ನೊಬ್ಬರಿಗೆ ಗುಟ್ಟಾಗಿ ಉಳಿದೀತೆ? ಟೈಬ್ರೇಕರಿನಲ್ಲಿ ತಂಗಿ ಗೆದ್ದಳು. ಫೈನಲಿನಲ್ಲಿ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಮಣಿಸಲು ಸೆರೆನಾಳಿಗೆ ಅಷ್ಟು ಬೆವರು ಬೇಕಾಗಲಿಲ್ಲ.