ನವಮಿಯ ನೀರು



ಕಳೆದ ಫೆಬ್ರವರಿಯಲ್ಲಿ ಮದುವೆಯೊಂದರ ನೆಪದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗಿದ್ದೆವು. ನನ್ನ ತವರುಮನೆ ಸಾಲಿಗ್ರಾಮದ ಹತ್ತಿರ, ಸೀತಾನದಿಯ ದಂಡೆಯಲ್ಲಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನನ್ನ ಇಪ್ಪತ್ತೈದರ ಮಗನಿಗೆ ಊರೆಂದರೆ ಮೊದಲು ನೆನಪಾಗುವುದು ಅಜ್ಜಿಮನೆಯಲ್ಲ, ಕಯಾಕ್! ಈಗ ಅಲ್ಲಿ ಹಿನ್ನೀರಿನ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇವನು ಈ ಸಲ ರಾಡು, ರೀಲು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳನ್ನೂ ಹೊತ್ತು ತಂದಿದ್ದ. "ಮೀನು ಹಿಡಿಯೋಣ, ನೀನೂ ಬಾ ಮಮ್ಮಿ" ಎಂದ.

ನಗಬೇಡಿ. ಹೊಳೆಯ ದಂಡೆಯಲ್ಲಿ ಹುಟ್ಟಿದರೂ ನಾನು ಮೀನಿಗಾಗಿ ದೋಣಿ ಹತ್ತಿದವಳಲ್ಲ. ಅಣ್ಣಂದಿರು ಹೋಗುತ್ತಿದ್ದರು. ಅವರು ತಂದದ್ದನ್ನು ಕೊಯ್ದು ತೊಳೆಯುವುದಷ್ಟೇ ನಮ್ಮ ಪಾಲಿನ ಕೆಲಸ. ಬಿ.ಎ. ಓದುವಾಗ ಹೆಮಿಂಗ್ವೆಯ 'ದಿ ಓಲ್ಡ್ ಮ್ಯಾನ್ ಆ್ಯಂಡ್ ದ ಸೀ' ಕಾದಂಬರಿಯಲ್ಲಿ 84 ದಿನ ಒಂದು ಮೀನೂ ಸಿಗದ ಮುದುಕನ ಬಗ್ಗೆ ಪುಟಗಟ್ಟಲೆ ಉತ್ತರ ಬರೆದಿದ್ದೆ. ಆದರೆ ಒಂದು ದಿನವಾದರೂ ನೀರ ಮೇಲೆ ಕಾದು ಕುಳಿತಿರಲಿಲ್ಲ. ಕೊನೆಗೆ ಐವತ್ತಾರನೆಯ ವಯಸ್ಸಿನಲ್ಲಿ ಸೀರೆ ಬಿಟ್ಟು ಚೂಡಿದಾರ ತೊಟ್ಟು, ಅದರ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡೆ.

ಕಯಾಕ್ ಹುಟ್ಟಿದ್ದು ಹಿಮದ ನಾಡಿನಲ್ಲಿ. ಉತ್ತರ ಧ್ರುವದ ಕಡೆಯ ಇನುಯಿಟ್ ಜನ ಕಡಲಲ್ಲಿ ತೇಲಿಬಂದ ಮರದಿಂದಲೋ ಎಲುಬಿನಿಂದಲೋ ಹಂದರ ಕಟ್ಟಿ, ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡುತ್ತಿದ್ದ ಬೇಟೆಯ ದೋಣಿ ಅದು. ಈಗಿನದು ಪ್ಲಾಸ್ಟಿಕ್. ಎರಡೂ ತುದಿಗೆ ಅಲಗಿರುವ ಒಂದೇ ಹುಟ್ಟು. ಎಂಜಿನ್ ಇಲ್ಲದ್ದರಿಂದ ಸದ್ದಿಲ್ಲ. ಮೊಣಕಾಲುದ್ದದ ನೀರಿದ್ದರೂ ಸಾಕು, ಸಲೀಸಾಗಿ ಹೋಗುತ್ತದೆ.

ನಾವು ಹೊರಟದ್ದು ಬೆಳಗಿನ ಆರೂವರೆಗೆ. ಮಾಘ ಮಾಸದ ಕೊನೆಯ ಚಳಿ, ನೀರ ಮೇಲೆ ತೆಳ್ಳನೆಯ ಮಂಜು, ನೆತ್ತಿಯ ಮೇಲೆ ಅರ್ಧ ಚಂದ್ರ. ನಾನು ಮುಂದೆ, ಅವನು ಹಿಂದೆ. ಕಾಂಡ್ಲಾ ಬೇರುಗಳ ಪಕ್ಕ ಗಾಳ ಎಸೆದ, ಎಳೆದ, ಮತ್ತೆ ಎಸೆದ. ಎಂಟು ಗಂಟೆಯಾಯಿತು, ಒಂಬತ್ತಾಯಿತು. ಒಂದು ಮೀನೂ ಮೂಸಿ ನೋಡಲಿಲ್ಲ. ಪ್ಲಾಸ್ಟಿಕ್ ಮೀನು ತೆಗೆದು ಸಿಗಡಿ ಸಿಕ್ಕಿಸಿದ. ಊಹೂಂ. ನೀರು ಬಟ್ಟಲಿನಲ್ಲಿಟ್ಟ ಹಾಗೆ ನಿಂತೇಬಿಟ್ಟಿತ್ತು.

ಆ ಮೌನದಲ್ಲಿ ಹಿಂದಿನಿಂದ ದನಿ ಬಂತು. "ಮಮ್ಮಿ, ಡಿಸೆಂಬರ್‌ನಲ್ಲೇ ನನ್ನನ್ನು ಕೆಲಸದಿಂದ ತೆಗೆದರು."

ತಿರುಗಿ ನೋಡಲು ಧೈರ್ಯವಾಗಲಿಲ್ಲ. ದೋಣಿ ಮಗುಚೀತೆಂಬ ಹೆದರಿಕೆ. ಮುಖ ನೋಡಬೇಕಿಲ್ಲವೆಂದೇ ಅವನಿಗೆ ಹೇಳಲು ಸಾಧ್ಯವಾಯಿತೋ ಏನೋ! ಎರಡು ತಿಂಗಳಿಂದ ಇವನು ದಿನವೂ ಎಂಟರ ಲೋಕಲ್ ಹಿಡಿಯಲೆಂದು ಹೊರಡುತ್ತಿದ್ದ. ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ: "ಮತ್ತೆ ನಾನು ಕಟ್ಟಿಕೊಟ್ಟ ಡಬ್ಬಿ ಎಲ್ಲಿ ತಿನ್ನುತ್ತಿದ್ದೆ?"

"ಗಾರ್ಡನ್‌ನಲ್ಲಿ."

ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಅವನು ಗಾಳ ಎಸೆಯುತ್ತಲೇ ಇದ್ದ. ಲೈಫ್ ಜಾಕೆಟ್ಟಿನಿಂದಾಗಿ ಕಣ್ಣೊರೆಸಲು ಸೆರಗೂ ಇರಲಿಲ್ಲ.

ಬರಿಗೈಯಲ್ಲಿ ದಡ ಸೇರಿದಾಗ ಬಲೆ ಸರಿಮಾಡುತ್ತಿದ್ದ ನನ್ನ ಅಣ್ಣ ತಲೆಯೆತ್ತಿ ನಕ್ಕ. "ಇವತ್ತ್ ನವಮಿ ಅಲ್ದಾ ಮಾರಾಯ? ನೀರಂಗೆ ಸೆಳ್ತವೇ ಇಲ್ಲೆ, ಮೀನ್ ಎಲ್ಲಿಂದ ಬತ್ತ್? ನನ್ನತ್ರ ಒಂದ್ ಮಾತ್ ಕೇಂಬುಕಾಗ್ದಾ?"

ಹತ್ತನೆಯ ತರಗತಿ ದಾಟದ ನನ್ನಣ್ಣ ಹೇಳಿದ್ದು ಶುದ್ಧ ವಿಜ್ಞಾನ. ಅಮಾವಾಸ್ಯೆ, ಹುಣ್ಣಿಮೆಗಳಂದು ಸೂರ್ಯ ಚಂದ್ರರು ಭೂಮಿಯೊಡನೆ ಒಂದೇ ಸಾಲಿಗೆ ಬರುತ್ತಾರೆ. ಇಬ್ಬರ ಸೆಳೆತವೂ ಕೂಡಿ ಉಬ್ಬರ ಇಳಿತ ಜೋರಾಗುತ್ತದೆ. ಅಷ್ಟಮಿ, ನವಮಿಯ ಹೊತ್ತಿಗೆ ಇಬ್ಬರೂ ಅಡ್ಡಡ್ಡ ಎಳೆಯುವುದರಿಂದ ನೀರಿನ ಓಟ ಮಂದ. ಇಳಿತ ಜೋರಿದ್ದರೆ ಕಾಂಡ್ಲಾ ಬೇರುಗಳ ಸಂದಿಯ ಸಿಗಡಿ, ಮರಿಮೀನುಗಳೆಲ್ಲ ಹೊರಕ್ಕೆ ಹರಿಯುತ್ತವೆ. ದೊಡ್ಡ ಮೀನುಗಳು ಬಾಯ್ತೆರೆದು ಕಾಯುತ್ತವೆ. ನೀರು ನಿಂತರೆ ಅವಕ್ಕೂ ರಜೆ! ನೆತ್ತಿಯ ಮೇಲಿದ್ದ ಅರ್ಧ ಚಂದ್ರ ಬೆಳಿಗ್ಗೆಯೇ ಇದನ್ನೆಲ್ಲ ಹೇಳುತ್ತಿದ್ದ. ಓದಲು ನಮಗೆ ಬರಲಿಲ್ಲ, ಅಷ್ಟೆ.

ಮಗನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲೂ ಯಾರಾದರೂ ಗಾರ್ಡನ್‌ನಲ್ಲಿ ಡಬ್ಬಿ ಬಿಚ್ಚುತ್ತಿರಬಹುದು ಎಂಬ ಯೋಚನೆಯಿಂದ. ಮೀನು ಸಿಗದ ದಿನವೆಲ್ಲ ಗಾಳ ಹಿಡಿದವನ ತಪ್ಪಲ್ಲ. ಆದರೆ ಮನೆಯವರಲ್ಲಿ ಒಂದು ಮಾತು ಕೇಳದೆ, ಹೇಳದೆ ಒಬ್ಬರೇ ನೀರಿಗಿಳಿಯುತ್ತೀರಲ್ಲ, ಅದು ಮಾತ್ರ ತಪ್ಪು. ನಾವು ಬೈಯಬಹುದು, ಅಳಬಹುದು. ಆದರೂ ಇಂಥ ನವಮಿಗಳನ್ನು ನಾವು ಎಷ್ಟೋ ಕಂಡವರು.

ಟಿಕೆಟ್ ರದ್ದು ಮಾಡಿಸಿ ಮಗ ಅಮಾವಾಸ್ಯೆಯವರೆಗೆ ಅಲ್ಲೇ ಉಳಿದ. ಈ ಸಲ ಕಯಾಕ್ ಅಲ್ಲ, ಮಾವನ ದೋಣಿ. ರೀಲು ಅಲ್ಲ, ಮಾವ ಕೊಟ್ಟ ಹಗ್ಗದ ಗಾಳ. ಅಮಾವಾಸ್ಯೆಯ ರಾತ್ರಿ ಫೋನ್ ಬಂತು: "ಮಮ್ಮಿ, ನಾಲ್ಕು ಕಾಣೆ ಸಿಕ್ಕಿತು! ಸಾರಿಗೆ ಕೊತ್ತಂಬರಿ ಎಷ್ಟು ಹಾಕಬೇಕು?"

ಕೆಲಸ ಇನ್ನೂ ಸಿಕ್ಕಿಲ್ಲ. ಈಗ ಅರ್ಜಿ ಹಾಕುವ ಮುಂಚೆ ನನಗೆ ಓದಿ ಹೇಳುತ್ತಾನೆ. ಇಂಗ್ಲಿಷಿನ ತಪ್ಪು ತಿದ್ದುವುದು ನನ್ನ ಪಾಲಿನ ಕೆಲಸ. ಮಧ್ಯಾಹ್ನದ ಊಟ ಮನೆಯಲ್ಲೇ, ಬಿಸಿಬಿಸಿ.